ಬಗಲು ನೋಡುವ ಚಿಗವ್ವ

ಮೊನ್ನೆ ಲಿಫ್ಟಿನಲ್ಲಿ ಒಬ್ಬರು ನನ್ನನ್ನು ಗದರಿದರು. "ಕ್ಯಾ ದೇಖ್ ರೇ ಭಾಯ್?"

ನಿಜ ಹೇಳಬೇಕೆಂದರೆ ನಾನು ಅವರ ಬಗಲು ನೋಡುತ್ತಿದ್ದೆ. ತೋಳು ಮೈಗೆ ಸೇರುವ ಜಾಗದಲ್ಲಿ ಅವರ ಅಂಗಿ ಮೂರು ಕಡೆ ಸುಕ್ಕಾಗಿತ್ತು. ಕೈ ಎತ್ತಿ ಮಹಡಿಯ ಗುಂಡಿ ಒತ್ತಿದರೆ ಇಡೀ ಅಂಗಿಯೇ ಪ್ಯಾಂಟಿನಿಂದ ಎದ್ದು ಹೊರಗೆ ಬಂತು. "ಕುಛ್ ನಹೀ ಅಂಕಲ್, ಶರ್ಟ್ ಅಚ್ಛಾ ಹೈ" ಎಂದು ಸುಳ್ಳು ಹೇಳಿ ನಾಲ್ಕನೇ ಮಹಡಿಯಲ್ಲಿ ಇಳಿದುಬಿಟ್ಟೆ. ನನ್ನ ಮನೆ ಇರುವುದು ಆರನೆಯದರಲ್ಲಿ. ನಾಲ್ಕರಲ್ಲಿ ಇದ್ದದ್ದು ಚಿಗವ್ವ. ಈಗ ಆ ಬಾಗಿಲ ಮುಂದೆ ಯಾರದೋ ಮಕ್ಕಳ ಶೂಗಳಿವೆ. ಮಗಳಿಗೆ ಪುಣೆಗೆ ವರ್ಗವಾಗಿ ಚಿಗವ್ವ ನಮ್ಮ ಮಣಿಕೊಂಡ ಬಡಾವಣೆ ಬಿಟ್ಟು ಹೋಗಿ ಎರಡು ತಿಂಗಳಾಯಿತು. ಅವರು ಕಲಿಸಿಹೋದ ಕೆಟ್ಟ ಚಾಳಿ ಮಾತ್ರ ನನ್ನ ಹತ್ತಿರ ಉಳಿದಿದೆ. ಗಂಡಸರನ್ನು ಕಂಡರೆ ಮೊದಲು ಬಗಲು ನೋಡುವುದು.

ಅವರ ಪರಿಚಯವಾದದ್ದೂ ಅದೇ ಲಿಫ್ಟಿನಲ್ಲಿ. ನಾನು ಕಚೇರಿಗೆ ಹೊರಟಿದ್ದೆ. ಬೆಳ್ಳಗಿನ ಕೂದಲಿನ, ಗಿಡ್ಡ ದೇಹದ ಹೆಂಗಸೊಬ್ಬರು ಒಳಗೆ ಬಂದವರೇ ನನ್ನ ಅಂಗಿಯ ಕೆಳಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ರೊಟ್ಟಿ ಹಿಟ್ಟಿನ ಹದ ನೋಡುವಂತೆ ಎರಡು ಸಲ ಉಜ್ಜಿ ನೋಡಿದರು. ನಾನು ಬೆಚ್ಚಿ "ಅರೆ!" ಎಂದೆ. ಅಷ್ಟಕ್ಕೇ ಅವರಿಗೆ ನಾನು ಯಾವ ಕಡೆಯವನೆಂದು ಹೇಗೆ ತಿಳಿಯಿತೋ, ನೇರ ಕನ್ನಡದಲ್ಲೇ ಕೇಳಿದರು.

"ಇದನ್ನ ಯಾರ ಹೊಲ್ದಾರ ತಮ್ಮಾ?"

"ನಾನ ಹೊಲ್ಕೊಂಡೀನ್ರಿ."

"ಬಟ್ಟಿ ಛಲೋ ಐತಿ. ಆದ್ರ ಬಗಲು ಯಾಕ ಹಂಗ ಅಳಾಕತ್ತೈತಿ?"

ಆರು ತಿಂಗಳು ವಿಡಿಯೋ ನೋಡಿ ನೋಡಿ ಹೊಲಿಗೆ ಕಲಿತು, ಸುಲ್ತಾನ್ ಬಜಾರಿನ ಒಂದು ಅಂಗಡಿಯಿಂದ ಹಳೆಯ ಮಷೀನು ಹೊತ್ತು ತಂದು, ನಾನು ಹೊಲಿದ ಮೊದಲ ಅಂಗಿ ಅದು. ಕಚೇರಿಯ ಗೆಳೆಯರೆಲ್ಲ ಹೊಗಳಿದ್ದರು. ಅಳುತ್ತಿದೆ ಎಂದವರು ಇವರೊಬ್ಬರೇ. ಸಂಜೆ ಹೋಗಿ ಅವರ ಬಾಗಿಲು ಬಡಿದೆ. ನಾನು ಗದಗಿನವನು, ಅವರು ಲಿಂಗಸುಗೂರು ಕಡೆಯ ಹಳ್ಳಿಯವರು. ಚಹಾ ಕುಡಿಯುವುದರೊಳಗೆ ಅವರು ನನಗೆ ಚಿಗವ್ವ ಆಗಿದ್ದರು, ನಮ್ಮವ್ವನ ತಂಗಿಯನ್ನು ಕರೆಯುವ ಹಾಗೆಯೇ.

ಚಿಗವ್ವ ಮೂವತ್ತು ವರ್ಷ ಕೆಲಸ ಮಾಡಿದ್ದು ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ. ಉದ್ದದ ಮೇಜು, ಅದರ ಮೇಲೆ ಒಂದರ ಮೇಲೊಂದು ನೂರು ಪದರ ಖಾಕಿ ಬಟ್ಟೆ, ಮೇಲಿನ ಪದರದಲ್ಲಿ ಸುಣ್ಣದ ಗೆರೆ, ಕೈಯಲ್ಲಿ ಗರಗಸದಂತೆ ಓಡುವ ಕರೆಂಟಿನ ಚಾಕು. ಒಂದು ಸಲ ಓಡಿಸಿದರೆ ನೂರು ತೋಳು. ಗೆರೆ ಕೂದಲೆಳೆಯಷ್ಟು ತಪ್ಪಿದರೆ ನೂರು ಅಂಗಿ ಹಾಳು. ಮೂವತ್ತು ವರ್ಷದಲ್ಲಿ ಎಷ್ಟು ಸಲ ತಪ್ಪಿತು ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಒಮ್ಮೆ ಸೀನು ಬಂದಿತ್ತು" ಎಂದರು.

ಅಷ್ಟು ವರ್ಷ ಗಂಡಸರ ಅಳತೆಗಳ ನಡುವೆಯೇ ಬದುಕಿದ್ದರಿಂದ ಅವರಿಗೆ ಗಂಡಸರು ಅಂಕಿಗಳಾಗಿ ಕಾಣುತ್ತಿದ್ದರು. ಪಾರ್ಸಲ್ ತರುವವನು ಬಂದರೆ, "ಮೂವತ್ತೆಂಟು, ಎಡಗೈ ಅರ್ಧ ಇಂಚು ಉದ್ದ" ಎಂದು ನನಗೆ ಮಾತ್ರ ಕೇಳುವಂತೆ ಹೇಳುತ್ತಿದ್ದರು. ನಾನು ನಂಬದೆ ಒಮ್ಮೆ ಟೇಪು ಹಿಡಿದು ನಮ್ಮ ವಾಚ್‌ಮನ್‌ನನ್ನು ಅಳೆದೇ ಅಳೆದೆ. ಅವನು ಗಾಬರಿಯಾಗಿ, "ಎಂದುಕು ಸಾರ್?" ಎಂದು ತೆಲುಗಿನಲ್ಲಿ ಯಾಕೆಂದು ಕೇಳುತ್ತ ನೆಟ್ಟಗೆ ನಿಂತಿದ್ದ. ಚಿಗವ್ವ ಹೇಳಿದ ಐದು ಅಳತೆಗಳಲ್ಲಿ ಐದೂ ಸರಿ. ಅವರಿಗೆ ಅದೇನೂ ದೊಡ್ಡದಲ್ಲ. ಅವನ ದೊಗಳೆ ಯೂನಿಫಾರಂ ಅನ್ನು ಬಿಚ್ಚಿಸಿ ತಂದು, ಹತ್ತು ನಿಮಿಷದಲ್ಲಿ ಬಗಲು ಬಿಚ್ಚಿ ಕೂಡಿಸಿ ಕೊಟ್ಟರು.

"ಯೂನಿಫಾರಂ ಅಂದ್ರ ಏನು ಗೊತ್ತೇನ? ಸಾವಿರ ಮಂದಿಗೆ ಒಂದ ಅಂಗಿ. ಒಬ್ಬಾಂವಗೂ ಕೂಡೂದಿಲ್ಲ. ಮೂವತ್ತ ವರ್ಷ ಅದನ್ನ ಮಾಡೀನಿ ನಾ" ಎಂದು ನಕ್ಕರು.

ಇಷ್ಟರಲ್ಲಿ ನನಗೊಂದು ಹುಚ್ಚು ಹತ್ತಿತು. ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಭಾನುವಾರ ಹರಡುವ ಹಳೆಯ ಪುಸ್ತಕಗಳ ರಾಶಿಯಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಸಿಕ್ಕಿತ್ತು. ಮೊದಲ ಪುಟಗಳೇ ಇಲ್ಲ, ಹಾಗಾಗಿ ಹೆಸರೂ ಇಲ್ಲ. ಇನ್ನೂರು ವರ್ಷದ ಹಿಂದೆ ಅಮೆರಿಕದ ಹಳ್ಳಿಗಳಲ್ಲಿ ಗಂಡಸರು ಏನು ತೊಡುತ್ತಿದ್ದರು ಎನ್ನುವುದರ ಬಗ್ಗೆ ಚಿತ್ರಗಳು. ಅಮೆರಿಕದ ರೈತ ಎಂದರೆ ನಾನು ಟೋಪಿ, ಬೂಟು, ಕುದುರೆ ಅಂದುಕೊಂಡಿದ್ದೆ. ಅದರಲ್ಲಿ ಇದ್ದದ್ದು ಮನೆಯಲ್ಲೇ ನೂತ ಹತ್ತಿಯ ಅಂಗಿ! ಹೆಂಗಸರು ಹತ್ತಿ ಬಿಡಿಸಿ, ನೂತು, ನೇಯ್ದು, ಅಕ್ರೋಟದ ಸಿಪ್ಪೆಯಲ್ಲಿ ಕಂದು ಬಣ್ಣ ಕಟ್ಟಿ, ಗಂಡನಿಗೂ ಮಕ್ಕಳಿಗೂ ಕೈಯಲ್ಲೇ ಹೊಲಿದು ಕೊಡುತ್ತಿದ್ದರಂತೆ. ಆ ಅಂಗಿಯ ತುಂಡುಗಳ ನಕ್ಷೆಯೂ ಇತ್ತು. ನೋಡಿ ನನಗೆ ತಲೆ ತಿರುಗಿತು. ಎಲ್ಲೂ ಒಂದು ಸೊಟ್ಟ ಗೆರೆ ಇಲ್ಲ. ಎಲ್ಲ ಚೌಕ, ಎಲ್ಲ ಆಯತ.

ಪುಸ್ತಕ ಹಿಡಿದು ನಾಲ್ಕನೇ ಮಹಡಿಗೆ ಓಡಿದೆ. ಚಿಗವ್ವ ಅಕ್ಕಿ ಆರಿಸುತ್ತಿದ್ದರು. ಕನ್ನಡಕ ಏರಿಸಿಕೊಂಡು ಆ ಚಿತ್ರವನ್ನು ನೋಡಿದರು. ಹೊಲದಲ್ಲಿ ನಿಂತ ಒಬ್ಬ ಗಡ್ಡದವನು, ಮಂಡಿಯವರೆಗೆ ಇಳಿದ ಸಡಿಲ ಅಂಗಿ.

"ಎಲ್ಲಿಯವ್ರು ಇವ್ರು?"

"ಅಮೆರಿಕಾದವ್ರು ಚಿಗವ್ವಾ. ಇನ್ನೂರು ವರ್ಷದ ಹಿಂದಿನವ್ರು."

"ಸುಳ್ಳ ಹೇಳಬ್ಯಾಡ. ಇದು ನಮ್ಮಪ್ಪನ ಅಂಗಿ."

ನಾನು ನಕ್ಕೆ. ಅವರು ನಗಲಿಲ್ಲ. ಅಕ್ಕಿಯ ಮೊರದಲ್ಲೇ ಬೆರಳಿನಿಂದ ಗೆರೆ ಎಳೆದರು. "ಇದು ಮೈ. ಎರಡು ಮಡಿಕಿ. ನಡುವ ಕೊಳ್ಳು ಸೀಳೂದು. ಇವು ತೋಳು. ಇಲ್ಲಿ ಬಗಲಾಗ ಒಂದು ಚೌಕ ತುಂಡು, ಅಂಗೈಯಷ್ಟು. ಈ ಚೌಕ ಇದ್ರ ನೀ ಕೈ ಮುಗಿಲಿಗೆ ಎತ್ತಿದ್ರೂ ಅಂಗಿ ಮ್ಯಾಲೆ ಏಳೂದಿಲ್ಲ. ನಮ್ಮವ್ವ ಹೊಲಿತಿದ್ಲು. ಅಕಿ ನೂಲೂ ಅಕೀದ, ಹೊಲಿಗಿನೂ ಅಕೀದ." ಪುಸ್ತಕದ ನಕ್ಷೆಯನ್ನು ಮೊರದ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ. ಸಮುದ್ರದ ಆಚೆ ಯಾವುದೋ ಕಾಲದ ಒಬ್ಬ ತಾಯಿ, ಈಚೆ ಲಿಂಗಸುಗೂರಿನ ಹತ್ತಿರದ ಒಬ್ಬ ತಾಯಿ, ಇಬ್ಬರ ಮಗ್ಗದ ಬಟ್ಟೆಗೂ ಅಗಲ ಕಡಿಮೆ, ಇಬ್ಬರಿಗೂ ಒಂದು ಎಳೆ ಬಿಸಾಡಲು ಮನಸ್ಸಿಲ್ಲ. ಇಬ್ಬರೂ ಅದೇ ಚೌಕಕ್ಕೆ ಬಂದು ನಿಂತಿದ್ದರು. ನಾನು ಆ ಮೊರದ ಫೋಟೋ ತೆಗೆದೆ, ಈಗಲೂ ಫೋನಿನಲ್ಲಿದೆ.

ಉತ್ಸಾಹದಲ್ಲಿ ನಾನು ಪುಸ್ತಕದ ಉಳಿದ ಕಥೆಯನ್ನೂ ಹೇಳಿದೆ. ಆಮೇಲೆ ಗಿರಣಿ ಬಟ್ಟೆ ಬಂತು, ಅಗ್ಗ, ನುಣುಪು, ಬಣ್ಣಬಣ್ಣದ್ದು. ಹಳ್ಳಿಯ ಹುಡುಗರಿಗೆ ಮನೆಯಲ್ಲಿ ನೂತದ್ದನ್ನು ತೊಡುವುದೇ ನಾಚಿಕೆಯಾಯಿತು, ಹಳ್ಳಿಗಮಾರ ಎಂದು ನಗುತ್ತಿದ್ದರಂತೆ. ಎಲ್ಲ ಅಂಗಡಿ ಬಟ್ಟೆಗೆ ಓಡಿದರು, ತಾಯಂದಿರ ಬಟ್ಟೆ ನೆಲ ಒರೆಸುವುದಕ್ಕೆ ಹೋಯಿತು ಎಂದೆ.

ಚಿಗವ್ವ ಮೊರದಲ್ಲಿ ಎಳೆದಿದ್ದ ಅಂಗಿಯನ್ನು ಅಂಗೈಯಿಂದ ಅಳಿಸಿದರು. "ಆ ಹುಡುಗ್ರಿಗೆ ಅಂಗಡಿ ಬಟ್ಟಿ ಯಾರ ತಂದುಕೊಟ್ರಂತ?" ಎಂದು ಕೇಳಿದರು. ಅದು ಪುಸ್ತಕದಲ್ಲಿ ಇರಲಿಲ್ಲ. ಗೊತ್ತಿಲ್ಲ ಎಂದೆ.

ವಾರದ ಮೇಲೆ ಅವರೇ ನನ್ನನ್ನು ಕರೆಸಿದರು. ಮಂಚದ ಕೆಳಗಿನಿಂದ ಒಂದು ತಗಡಿನ ಟ್ರಂಕು ಎಳೆಸಿ, ಬೀಗ ತೆಗೆದು, ತಾವು ಕಿಟಕಿಯ ಕಡೆ ಸರಿದು ನಿಂತರು. "ನೀನ ತೆಗಿ." ಒಳಗೆ ನುಸಿಗುಳಿಗೆಯ ವಾಸನೆ, ಪುಡಿಯಾದ ಬೇವಿನೆಲೆ, ಅದರ ಕೆಳಗೆ ಮಡಿಸಿಟ್ಟ ಒಂದು ಬಟ್ಟೆ. ಹಾಲು ಕಾಯಿಸಿ ಆರಿದಾಗ ಕೆನೆಗೆ ಬರುವ ಬಣ್ಣ. ಮುಟ್ಟಿದರೆ ಅಂಗೈಗೆ ಸಣ್ಣ ಸಣ್ಣ ಗಂಟು ಸಿಗುತ್ತಿತ್ತು, ನೂಲುವವರ ಬೆರಳು ಎಲ್ಲಿ ಒಂದು ಕ್ಷಣ ನಿಂತಿತ್ತೋ ಅಲ್ಲೆಲ್ಲ. ಅಂಥ ಬಟ್ಟೆಯನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ.

"ನಮ್ಮವ್ವ ನೂತದ್ದು. ಊರಾಗ ನೇಯ್ಸಿದ್ಲು. ನಮ್ಮಣ್ಣನ ಮದಿವಿ ಅಂಗಿಗೆ. ಐವತ್ತ ವರ್ಷ ಆತು, ಹಂಗ ಐತಿ. ಮುಂದಿನ ತಿಂಗಳ ಅಣ್ಣ ಕಣ್ಣಿನ ಪೊರಿ ತೆಗಿಸಾಕ ಇಲ್ಲಿಗೆ ಬರಾಕತ್ತಾನ. ಅಷ್ಟರಾಗ ಇದು ಅಂಗಿ ಆಗ್ಬೇಕು. ಅಮೆರಿಕಾದ ಅಂಗಿ, ನಮ್ಮಪ್ಪನ ಅಂಗಿ, ಏನರ ಅನ್ನು. ನೀ ಹೊಲಿ."

"ನಾನಾ? ನೀವ ಹೊಲೀರಿ ಚಿಗವ್ವಾ! ನನ್ನ ಕೈಯಾಗ ಇದು ಕೆಟ್ಟ ಹೋತಂದ್ರ?"

"ನನ್ನ ಕೈ ನಡಗ್ತೈತಿ" ಎಂದರು.

ಎರಡು ದಿನ ನೀರಿನಲ್ಲಿ ನೆನೆಸಿ ಬಾಲ್ಕನಿಯಲ್ಲಿ ಒಣಗಿಸಿದೆ. ಅಣ್ಣನ ಅಳತೆ ಕೇಳಿದರೆ ನಿಂತ ಕಾಲ ಮೇಲೆ ಹೇಳಿದರು, "ಎದಿ ನಲವತ್ತು, ತೋಳು ಇಪ್ಪತ್ತೈದು, ಕೊಳ್ಳು ಹದಿನೈದೂವರಿ." ಒಂದು ಅಂಕಿಗೂ ತಡವರಿಸಲಿಲ್ಲ. ಭಾನುವಾರ ಅವರ ಹಾಲಿನ ನೆಲದ ಮೇಲೆ ಬಟ್ಟೆ ಹರಡಿ, ನನ್ನ ಕಾಗದದ ನಮೂನೆಗಳನ್ನು ಇಟ್ಟು ನೋಡಿದೆ. ತೋಳಿಗೆ ಮುಕ್ಕಾಲು ಗಜ ಬಟ್ಟೆ ಕಡಿಮೆ ಬೀಳುತ್ತಿತ್ತು. ತಿರುಗಿಸಿಟ್ಟೆ, ಮಗುಚಿಟ್ಟೆ, ಸಾಲದು. ಪನ್ನಾ, ಅಂದರೆ ಬಟ್ಟೆಯ ಅಗಲ, ನನ್ನ ಒಂದೂವರೆ ಮೊಳಕ್ಕೆ ಮುಗಿದುಹೋಗುತ್ತಿತ್ತು. ಅಂಚಿನಿಂದ ಸ್ವಲ್ಪ ಹೊಂದಿಸಿದರೆ ಆದೀತೇನೋ ಎಂದು ಕತ್ತರಿ ಎತ್ತಿದೆ.

"ಕತ್ರಿ ಕೆಳಗಿಡು!"

ಆ ಮನೆಯಲ್ಲಿ ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಆಗ ಮಾತ್ರ. ಹತ್ತಿರ ಬಂದು ಮರದ ಅಡಿಕೋಲಿನಿಂದ ನನ್ನ ಕಾಗದಗಳನ್ನೆಲ್ಲ ಬದಿಗೆ ತಳ್ಳಿದರು. "ಸೊಟ್ಟ ಕತ್ರಿಸಿದ್ರ ಅರ್ಧ ಬಟ್ಟಿ ಚಿಂದಿ ಆಗ್ತೈತಿ. ನಾ ಕಾರ್ಖಾನ್ಯಾಗ ಗೋಣಿ ಗೋಣಿ ಚಿಂದಿ ತುಂಬೀನಿ, ನನಗ ಗೊತ್ತು. ಇದರಾಗ ಚಿಂದಿ ಬೀಳಬಾರ್ದು. ಇದನ್ನ ಕತ್ರಿಸೂದಲ್ಲ, ಹರಿಯೂದು."

ಕೋಲಿನ ತುದಿಯಿಂದ ತೋರಿಸುತ್ತ ಹೋದರು. ಅಂಚಿಗೆ ಸಣ್ಣದೊಂದು ಕಚ್ಚು ಹಾಕಬೇಕು. ಅಲ್ಲಿಂದ ಒಂದೇ ಒಂದು ಎಳೆ ಹುಡುಕಿ ಮೆಲ್ಲಗೆ ಎಳೆಯಬೇಕು. ಎಳೆ ಬಂದ ದಾರಿ ಬಟ್ಟೆಯ ಮೇಲೆ ಕೂದಲಿನಂಥ ಗೆರೆಯಾಗಿ ಕಾಣುತ್ತದೆ. ಆ ಗೆರೆಯ ಎರಡೂ ಕಡೆ ಹಿಡಿದು, ಉಸಿರು ಬಿಟ್ಟು, ಹರಿಯಬೇಕು. ಚರ್ ಎಂದು ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ ಐವತ್ತು ವರ್ಷದ ಬಟ್ಟೆ ಗೆರೆ ಹೊಡೆದಂತೆ ನೇರ ಸೀಳಿತ್ತು, ಯಾವ ಕರೆಂಟಿನ ಚಾಕುವೂ ಅಷ್ಟು ನೇರ ಹೋಗಲಾರದು. ಮೈ, ತೋಳು, ಕೊರಳಪಟ್ಟಿ, ಕೊನೆಗೆ ಬಗಲಿಗೆ ಎರಡು ಚೌಕ. ಎಲ್ಲ ಹರಿದಾದ ಮೇಲೆ ನೆಲದ ಮೇಲೆ ಉಳಿದದ್ದು ಆ ಎಳೆದ ಎಳೆಗಳು ಮಾತ್ರ. ಅವನ್ನೂ ಹೊಲಿಯಲಿಕ್ಕೆ ಇಟ್ಟುಕೋ ಎಂದರು.

ನಾಲ್ಕು ಭಾನುವಾರ ಕೈಯಲ್ಲೇ ಹೊಲಿದೆ. ಚಿಗವ್ವ ಎದುರು ಕೂತು ಕೋಲಿನಿಂದ ತೋರಿಸುತ್ತಿದ್ದರು. ಒಂದು ದಿನ ಸೂಜಿಗೆ ದಾರ ಪೋಣಿಸಲಾರದೆ ನಾನು ಪರದಾಡುತ್ತಿದ್ದಾಗ, ಸೂಜಿ ಕಿತ್ತುಕೊಂಡು, ಕನ್ನಡಕವಿಲ್ಲದೆ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ಕೈ ಎಳ್ಳಷ್ಟೂ ನಡುಗಲಿಲ್ಲ. ಆಗ ನನಗೆ ಹೊಳೆಯಿತು. ಲಿಫ್ಟಿನಲ್ಲಿ ಗುರುತಿಲ್ಲದವರ ಅಂಗಿಯನ್ನೂ ಬಿಡದೆ ಮುಟ್ಟಿ ನೋಡುವ ಈ ಹೆಂಗಸು, ಟ್ರಂಕು ತೆಗೆದ ದಿನದಿಂದ ಈ ಬಟ್ಟೆಯನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಎರಡನೇ ಬಗಲಿಗೆ ಚೌಕ ಕೂಡಿಸುವಾಗ ಅವರೇ ಹೇಳಿದರು.

"ಆ ಹುಡುಗ್ರಿಗೆ ಅಂಗಡಿ ಬಟ್ಟಿ ಯಾರ ತಂದುಕೊಟ್ರು ಅಂತ ಕೇಳಿದ್ನೆಲ್ಲ? ನಮ್ಮಣ್ಣಗ ತಂದುಕೊಟ್ಟಾಕಿ ನಾನ."

ಆಗ ಅವರು ಕಾರ್ಖಾನೆಗೆ ಹೊಸಬರು, ಹಾಸ್ಟೆಲಿನಲ್ಲಿದ್ದರು. ಗಿರಣಿಯ ನುಣುಪು ಟೆರಿಕಾಟ್ ಬಟ್ಟೆಯ ಕಾಲ. ಅಣ್ಣ ರಾಯಚೂರಿನಲ್ಲಿ ಗುಮಾಸ್ತ. ಅವ್ವ ಎರಡು ವರ್ಷ ನೂತು ನೇಯಿಸಿದ ಬಟ್ಟೆಯನ್ನು ಮಗಳ ಕೈಗೆ ಕೊಟ್ಟು, ಪ್ಯಾಟೆಯಲ್ಲಿ ಒಳ್ಳೆಯ ಟೇಲರ್ ಹತ್ತಿರ ಅಣ್ಣನ ಮದುವೆಗೆ ಅಂಗಿ ಹೊಲಿಸಿ ತಾ ಎಂದಳು. ಹಾಸ್ಟೆಲಿನ ಹುಡುಗಿಯರು ಆ ಬಟ್ಟೆ ನೋಡಿ ನಕ್ಕರು. ಇವರು ಅದನ್ನು ಟ್ರಂಕಿನ ತಳಕ್ಕೆ ಹಾಕಿ, ಸುಲ್ತಾನ್ ಬಜಾರಿನಲ್ಲಿ ಮೊದಲ ಪಗಾರದಿಂದ ಆಕಾಶ ಬಣ್ಣದ ಟೆರಿಕಾಟ್ ಅಂಗಿ, ಬೆಲ್‌ಬಾಟಂ ಪ್ಯಾಂಟು ಕೊಂಡು, ರಾಯಚೂರಿನಲ್ಲಿ ಇಳಿದು ಅಣ್ಣನಿಗೆ ಕೊಟ್ಟರು. ಅಣ್ಣ ಕುಣಿದಾಡಿದ.

"ಅವ್ವಗ ಏನಂದ್ರಿ?"

"ಅಣ್ಣ ಬ್ಯಾಡ ಅಂದ ಅಂದೆ. ಗೋಣಿಚೀಲ ಉಟ್ಟಂಗ ಆಗ್ತೈತಿ ಅಂದ ಅಂದೆ. ಅವನ ಬಾಯಾಗ ಆ ಮಾತ ಬಂದಿದ್ದಿಲ್ಲ, ಅಂವ ಈ ಬಟ್ಟಿ ನೋಡಿದ್ದೂ ಇಲ್ಲ. ಅವ್ವ 'ಹೌದಾ' ಅಂದ್ಲು, ಅಷ್ಟ. ಅಕಿ ಕೇಳೂ ಪೈಕಿ ಅಲ್ಲ. ಮದಿವಿ ಮುಗಿದ ಮರುದಿನ ನೂಲೂ ರಾಟಿ ತಗೊಂಡ ಅಟ್ಟಕ್ಕ ಹಾಕಿದ್ಲು. ಸಾಯೂ ತನಕ ಇಳಿಸ್ಲಿಲ್ಲ." ಕೋಲನ್ನು ಮಡಿಲಲ್ಲಿ ಇಟ್ಟುಕೊಂಡರು. "ಅಣ್ಣಗ ಇದನ್ನ ಹೇಳಬೇಕು ತಮ್ಮಾ. ಫೋನಿನ್ಯಾಗ ಹೇಳೂ ಮಾತಲ್ಲ. ಅಂವ ಬಂದ ದಿನ ನೀ ಇಲ್ಲಿರು. ನೀ ಇದ್ರ ನಾ ಮಾತ ತಿರುವೂದಿಲ್ಲ."

ಆ ದಿನ ನಾನು ರಜೆ ಹಾಕಿದೆ. ಆಟೋದಿಂದ ಇಳಿದ ಅಜ್ಜನನ್ನು, ಅಂದರೆ ಚಿಗವ್ವನ ಅಣ್ಣನನ್ನು, ಬಾಲ್ಕನಿಯಿಂದಲೇ ಕಣ್ಣಿನಲ್ಲಿ ಅಳೆದೆ. ಎದೆ ಮೂವತ್ತಾರು, ಅದೂ ಉಸಿರು ಹಿಡಿದರೆ. ಭುಜ ಇಳಿದಿತ್ತು. ಪಕ್ಕದಲ್ಲಿ ಚಿಗವ್ವನೂ ನೋಡಿದರು. ಕಂಡ ಗಂಡಸರ ಅಳತೆಯನ್ನೆಲ್ಲ ಕಣ್ಣಿನಲ್ಲೇ ತೆಗೆಯುವವರು, ಆರು ವರ್ಷದಿಂದ ನೋಡದ ಸ್ವಂತ ಅಣ್ಣನಿಗೆ ಮದುಮಗನ ಅಳತೆ ಕೊಟ್ಟಿದ್ದರು. ಅದು ಯಾವ ಕಾಲದ ಅಳತೆ ಎಂದು ನನಗೂ ಕೇಳಬೇಕೆನಿಸಿರಲಿಲ್ಲ. "ಅಯ್ಯ" ಎಂದರು, ಅಷ್ಟೇ.

ಅಜ್ಜ ಒಳಗೆ ಬಂದವರೇ ಗೋಡೆ ತಡವುತ್ತ, "ಏನವಾ, ಗಂಡಸರ ಬಗಲ ನೋಡೂದು ಬಿಟ್ಟೀಯೋ, ಇನ್ನೂ ಐತೋ?" ಎಂದು ತಂಗಿಯನ್ನು ಕಾಡಿಸಿದರು. ಕಣ್ಣು ಎರಡೂ ಮಂಜು. ನೀರು ಕುಡಿದರು, ಬಸ್ಸಿನವನನ್ನು ಬೈದರು, ನಾಳೆಯ ಆಪರೇಷನ್ನಿಗೆ ಹೆದರಿಲ್ಲ ಎಂದು ಮೂರು ಸಲ ಹೇಳಿದರು. ಚಿಗವ್ವ ನನ್ನ ಕಡೆ ನೋಡಿದರು. ನಾನು ಅಂಗಿ ತಂದು ಅಜ್ಜನ ಕೈಗಿಟ್ಟೆ.

"ಹಾಕ್ಕೋ ಅಣ್ಣಾ" ಎಂದರು ಚಿಗವ್ವ.

ತಲೆಯ ಮೇಲಿಂದ ಹಾಕಿಕೊಂಡರು. ತೋಳು ಬೆರಳುಗಳನ್ನು ನುಂಗಿತು. "ಯಾರ ಅಳತಿವಾ ಇದು? ನನ್ನಂಥಾವ್ರು ಇಬ್ಬರು ಹಿಡಿತಾರ ಇದರಾಗ!" ಎಂದು ನಗುತ್ತ, ತೋಳು ಮೇಲೆ ಸರಿಸಿ, ಅಂಗಿಯ ಕೆಳಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಉಜ್ಜಿದರು. ಥೇಟ್ ಚಿಗವ್ವನ ಹಾಗೆಯೇ. ನಗು ನಿಂತಿತು. ಇನ್ನೊಂದು ಕಡೆ ಉಜ್ಜಿದರು.

"ಇದು ಅವ್ವನ ನೂಲು."

ಚಿಗವ್ವ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಟ್ರಂಕು, ಟೆರಿಕಾಟು, ಗೋಣಿಚೀಲದ ಮಾತು, ಅಟ್ಟದ ಮೇಲಿನ ರಾಟಿ. ಒಂದೂ ಬಿಡಲಿಲ್ಲ, ಒಂದಕ್ಕೂ ನೆಪ ಹೇಳಲಿಲ್ಲ. ಕೆಳಗೆ ನೀರಿನ ಟ್ಯಾಂಕರ್ ಬಂದು ಪೈಪು ಎಳೆಯುವ ಸದ್ದು ಕೇಳುತ್ತಿತ್ತು. ಅಜ್ಜ ಮಂಜುಗಣ್ಣನ್ನು ಕಿಟಕಿಯ ಕಡೆ ತಿರುಗಿಸಿ ಮಾತಾಡಿದರು.

"ಸಣ್ಣಂವ ಇದ್ದಾಗಿಂದ ಅವ್ವ ನಾ ಮನಿಗೆ ಬಂದ್ರ ಮೊದಲ ಅಂಗಿ ಅಂಚು ಹಿಡದು ನೋಡ್ತಿದ್ಲು. ಆಮ್ಯಾಲೆ ಉಂಡೀ ಏನು ಅಂತಿದ್ಲು. ಮದಿವಿ ಆದ ಮ್ಯಾಲೆ ಒಮ್ಮೆನೂ ಹಿಡೀಲಿಲ್ಲ. ಹೇಂತಿ ಬಂದ್ಲಂತ ದೂರ ಮಾಡಿದ್ಲು ಅಂದ್ಕೊಂಡಿದ್ದೆ ನಾ. ಐವತ್ತ ವರ್ಷ ಹಂಗ ಅಂದ್ಕೊಂಡಿದ್ದೆ."

"ಬ್ಯಾಡಾದ್ರ ತೆಗಿ ಅಣ್ಣಾ. ಅಳತಿನೂ ತಪ್ಪೀನಿ."

"ಅಳತಿ ಬಿಡು. ಅವ್ವ ಯಾವತ್ತರ ಅಳತಿಗೆ ಸರಿಯಾಗಿ ಹೊಲ್ದಾಳೇನು? ಹುಡುಗ ಬೆಳೀತಾನ ಅಂತ ಯಾವಾಗ್ಲೂ ಒಂದ ಗೇಣು ಬಿಟ್ಟ ಹೊಲಿತಿದ್ಲು." ಅವರ ದನಿ ಗಟ್ಟಿಯಾಯಿತು. "ನಿನ್ನ ಮ್ಯಾಲೆ ನನಗ ಭಾಳ ಸಿಟ್ಟ ಬಂದೈತಿ. ನಾಳೆ ಕಣ್ಣ ತೆರಿಲಿ, ನಿನ್ನ ಮಾರಿ ನೋಡಿ ಬೈತೀನಿ."

"ಬೈಯಿ" ಎಂದರು ಚಿಗವ್ವ.

ಅಜ್ಜ ಅಂಗಿಯ ಅಂಚನ್ನು ಎತ್ತಿ, ತಂಗಿ ಎಲ್ಲಿ ನಿಂತಿದ್ದಾಳೆಂದು ಅಂದಾಜು ಮಾಡಿ, ಗಾಳಿಯಲ್ಲಿ ಆ ಕಡೆ ಚಾಚಿದರು. ಸ್ವಲ್ಪ ಎಡಕ್ಕೆ ಹೋಗಿತ್ತು. ಚಿಗವ್ವ ಎರಡು ಹೆಜ್ಜೆ ಸರಿದು ಅದರ ಎದುರಿಗೆ ಬಂದರು.

"ಈಗ ಮುಟ್ಟಿ ನೋಡು. ಅವ್ವ ನೋಡ್ತಿದ್ಲಲ್ಲ, ಹಂಗ."

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. ಹೆಬ್ಬೆರಳು, ತೋರುಬೆರಳು. ಒಂದು ಸಲ ಉಜ್ಜಿದರು, ಇನ್ನೊಂದು ಸಲ. ನಾನು ಬಗಲು ಅಳುತ್ತಿದೆ ಎನ್ನುತ್ತಾರೋ, ಹೊಲಿಗೆ ಸಡಿಲ ಎನ್ನುತ್ತಾರೋ ಎಂದು ಕಾದೆ. ಅಂಚು ಅವರ ಬೆರಳಲ್ಲೇ ಇತ್ತು. ಬಟ್ಟೆ ಮುಟ್ಟಿ ಚಿಗವ್ವ ಏನೂ ಹೇಳದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.